ವ್ಯಾಟಿಗೆಷ್ಟು ಕೆಲಸ?

2004ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 3.6 ಗಿಗಾಹರ್ಟ್ಸ್‌ನ ಝೀಯಾನ್ ಸರ್ವರ್ ಪ್ರೊಸೆಸರಿಗೆ ನಮೂದಿಸಿದ್ದ ವಿದ್ಯುತ್ ಮಿತಿ 103 ವ್ಯಾಟ್. 2024ರ ಅಕ್ಟೋಬರಿನಲ್ಲಿ ಎಎಮ್‌ಡಿ ಬಿಡುಗಡೆ ಮಾಡಿದ ಎಪಿಕ್ 9965ರ ಮಿತಿ 500 ವ್ಯಾಟ್. ಇಪ್ಪತ್ತು ವರ್ಷಗಳಲ್ಲಿ ಹತ್ತಿರಹತ್ತಿರ ಐದು ಪಟ್ಟು. ಇಷ್ಟನ್ನೇ ಓದಿದವರಿಗೆ ಸರ್ವರ್‌ಗಳು ವರ್ಷದಿಂದ ವರ್ಷಕ್ಕೆ ಹೊಟ್ಟೆಬಾಕಗಳಾಗುತ್ತಿವೆ ಅನ್ನಿಸಿದರೆ ತಪ್ಪಿಲ್ಲ.

ಇನ್ನೆರಡು ಅಂಕಿಗಳನ್ನು ಪಕ್ಕಕ್ಕಿಟ್ಟು ನೋಡೋಣ. 2004ರ ಚಿಪ್ಪಿನಲ್ಲಿದ್ದದ್ದು ಒಂದೇ ಒಂದು ಕೋರ್, ಅಂದರೆ ಲೆಕ್ಕ ಮಾಡುವ ಒಂದೇ ಘಟಕ. 2024ರ ಚಿಪ್ಪಿನಲ್ಲಿ 192 ಕೋರ್‌ಗಳಿವೆ. ಭಾಗಿಸಿದರೆ ಕೋರಿಗೆ 103 ವ್ಯಾಟ್ ಇದ್ದದ್ದು 2.6 ವ್ಯಾಟಿಗೆ ಇಳಿದಿದೆ. ಹೊಸ ಕೋರಿನ ಮೂಲ ವೇಗ 2.25 ಗಿಗಾಹರ್ಟ್ಸ್; ಹಳೆಯದಕ್ಕಿಂತ ಕಡಿಮೆ. ಆದರೂ ಅದು ಒಂದು ಕ್ಷಣದಲ್ಲಿ ಮುಗಿಸುವ ಕೆಲಸ ಹಳೆಯದಕ್ಕಿಂತ ಬಹಳ ಹೆಚ್ಚು.

ವ್ಯಾಟ್ ಏರಿದೆ, ಗಿಗಾಹರ್ಟ್ಸ್ ಇಳಿದಿದೆ, ಕೆಲಸ ಬೆಳೆದಿದೆ. ಹೀಗಾಗಿ ಪೀಳಿಗೆಯಿಂದ ಪೀಳಿಗೆಗೆ ಪ್ರೊಸೆಸರುಗಳನ್ನು ಹೋಲಿಸಲು ಚಿಪ್ಪಿನ ಪೆಟ್ಟಿಗೆಯ ಮೇಲಿನ ಯಾವ ಒಂದು ಅಂಕಿಯೂ ಸಾಲದು. ಕೇಳಬೇಕಾದ ಪ್ರಶ್ನೆ ಒಂದೇ: ಒಂದು ನಿರ್ದಿಷ್ಟ ಕೆಲಸ ಮುಗಿಸಲು ಎಷ್ಟು ಜೌಲ್ ಶಕ್ತಿ ಬೇಕಾಯಿತು? ಈ ಪ್ರಶ್ನೆ ಹಿಡಿದು ಹೊರಟರೆ ಉಳಿತಾಯ ಎಲ್ಲಿಂದ ಬಂತು, ಆ ಮೂಲಗಳಲ್ಲಿ ಯಾವುದು ಬತ್ತಿದೆ, ಯಾವುದು ಇನ್ನೂ ಜಿನುಗುತ್ತಿದೆ ಎಂಬುದು ಕಾಣುತ್ತದೆ.

ಪೆಟ್ಟಿಗೆಯ ಮೇಲಿನ ವ್ಯಾಟ್

ಮೊದಲು ಆ 103 ಮತ್ತು 500ರ ಅರ್ಥ ತಿಳಿಯಬೇಕು. ಇದಕ್ಕೆ ‘ಥರ್ಮಲ್ ಡಿಸೈನ್ ಪವರ್’ ಎನ್ನುತ್ತಾರೆ, ಬಳಕೆಯಲ್ಲಿ ಟಿಡಿಪಿ. ಪ್ರೊಸೆಸರ್ ಪ್ರತಿ ಕ್ಷಣವೂ ಇಷ್ಟು ವಿದ್ಯುತ್ ಹೀರುತ್ತದೆ ಎಂದು ಇದು ಹೇಳುವುದಿಲ್ಲ. ಭಾರಿ ಕೆಲಸ ನಿರಂತರವಾಗಿ ನಡೆಯುವಾಗ ಚಿಪ್ಪಿನಿಂದ ಎಷ್ಟು ಶಾಖವನ್ನು ಹೊರಹಾಕುವ ಹೀಟ್‌ಸಿಂಕ್ ಮತ್ತು ಫ್ಯಾನ್ ಬೇಕು ಎಂದು ಸರ್ವರ್ ಕಟ್ಟುವವರಿಗೆ ಕೊಡುವ ಸೂಚನೆ ಇದು. ಹಗುರ ಕೆಲಸದಲ್ಲಿ ಬಳಕೆ ಇದಕ್ಕಿಂತ ತೀರಾ ಕಡಿಮೆ ಇರಬಹುದು. ಟರ್ಬೊ ವೇಗಕ್ಕೆ ಏರಿದಾಗ ಸ್ವಲ್ಪ ಹೊತ್ತು ಹೆಚ್ಚೂ ಆಗಬಹುದು. ಕಂಪನಿಗಳು ಈ ಅಂಕಿಯನ್ನು ನಿರ್ಧರಿಸುವ ರೀತಿಯೂ ಒಂದೇ ತರ ಇಲ್ಲ. ಆದ್ದರಿಂದ ಮುಂದೆ ಬರುವ ಟಿಡಿಪಿ ಲೆಕ್ಕಗಳನ್ನು ದಿಕ್ಕು ತೋರುವ ಕೈಮರದಂತೆ ಓದಿ, ತಕ್ಕಡಿಯಂತೆ ಅಲ್ಲ.

ವೋಲ್ಟೇಜ್ ಇಳಿದಷ್ಟು ದಿನ

ಚಿಪ್ಪಿನೊಳಗಿನ ಟ್ರಾನ್ಸಿಸ್ಟರ್ ಒಂದು ಸ್ವಿಚ್. ಅದು ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗುವಾಗಲೆಲ್ಲ ಪುಟ್ಟದೊಂದು ವಿದ್ಯುದಾವೇಶ ತುಂಬಬೇಕು, ಮತ್ತೆ ಖಾಲಿಯಾಗಬೇಕು. ಇದಕ್ಕೆ ತಗಲುವ ವಿದ್ಯುತ್ ಮೂರು ಸಂಗತಿಗಳನ್ನು ಅವಲಂಬಿಸಿದೆ: ಸ್ವಿಚ್ಚಿನ ಧಾರಣಶಕ್ತಿ, ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬ ಆವರ್ತನ, ಮತ್ತು ವೋಲ್ಟೇಜಿನ ವರ್ಗ. ಈ ಕೊನೆಯದನ್ನು ಗಮನಿಸಿ. ವೋಲ್ಟೇಜ್ ಅರ್ಧವಾದರೆ ಖರ್ಚು ಕಾಲುಭಾಗಕ್ಕೆ ಇಳಿಯುತ್ತದೆ.

1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಇದರಿಂದ ಒಂದು ಸೊಗಸಾದ ಸೂತ್ರ ಕಟ್ಟಿದರು. ಟ್ರಾನ್ಸಿಸ್ಟರಿನ ಉದ್ದ, ಅಗಲ, ವೋಲ್ಟೇಜ್ ಎಲ್ಲವನ್ನೂ 0.7 ಪಟ್ಟಿಗೆ ಇಳಿಸಿ. ಧಾರಣಶಕ್ತಿಯೂ 0.7 ಪಟ್ಟಾಗುತ್ತದೆ, ವೇಗ 1.4 ಪಟ್ಟಾಗುತ್ತದೆ. ಗುಣಿಸಿ ನೋಡಿದರೆ ಪ್ರತಿ ಟ್ರಾನ್ಸಿಸ್ಟರಿನ ವಿದ್ಯುತ್ ಸುಮಾರು ಅರ್ಧ. ಅದು ಹಿಡಿಯುವ ಜಾಗವೂ ಅರ್ಧ. ಅಷ್ಟೇ ಜಾಗದಲ್ಲಿ ಎರಡು ಪಟ್ಟು ಟ್ರಾನ್ಸಿಸ್ಟರುಗಳು, ಮೊದಲಿಗಿಂತ ಹೆಚ್ಚಿನ ವೇಗ, ಆದರೆ ಚದರ ಮಿಲಿಮೀಟರಿಗೆ ಶಾಖ ಅಷ್ಟೇ. 1965ರಲ್ಲಿ ಗಾರ್ಡನ್ ಮೂರ್ ಟ್ರಾನ್ಸಿಸ್ಟರುಗಳ ಸಂಖ್ಯೆ ದುಪ್ಪಟ್ಟಾಗುತ್ತಾ ಹೋಗುತ್ತದೆ ಎಂದಿದ್ದರು. ಹಾಗೆ ಹೆಚ್ಚಿದ ಟ್ರಾನ್ಸಿಸ್ಟರುಗಳು ಚಿಪ್ಪನ್ನು ಸುಡದಂತೆ ನೋಡಿಕೊಂಡದ್ದು ಡೆನಾರ್ಡ್ ಸೂತ್ರ.

1993ರ ಮೊದಲ ಪೆಂಟಿಯಂಗಳು 5 ವೋಲ್ಟಿನಲ್ಲಿ ನಡೆಯುತ್ತಿದ್ದವು. 2004ರ ಹೊತ್ತಿಗೆ ಅದು 1.3 ವೋಲ್ಟಿನ ಆಸುಪಾಸಿಗೆ ಇಳಿದಿತ್ತು. ವರ್ಗದ ಲೆಕ್ಕದಲ್ಲಿ, ಬರೀ ವೋಲ್ಟೇಜಿನಿಂದಲೇ ಸುಮಾರು ಹದಿನೈದು ಪಟ್ಟು ಉಳಿತಾಯ. ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ವೋಲ್ಟೇಜ್ ಇಳಿದದ್ದು ಅತ್ಯಲ್ಪ. ಈಗಲೂ ಅದು ಒಂದು ವೋಲ್ಟಿನ ಹತ್ತಿರವೇ ಸುಳಿಯುತ್ತಿದೆ.

ಯಾಕೆ ನಿಂತಿತು? ಟ್ರಾನ್ಸಿಸ್ಟರ್ ಆನ್ ಆಗಲು ದಾಟಬೇಕಾದ ಒಂದು ಹೊಸ್ತಿಲು ವೋಲ್ಟೇಜ್ ಇದೆ. ಒಟ್ಟು ವೋಲ್ಟೇಜ್ ಇಳಿಸಿಯೂ ವೇಗ ಉಳಿಯಬೇಕಾದರೆ ಹೊಸ್ತಿಲನ್ನೂ ತಗ್ಗಿಸಬೇಕು. ಆದರೆ ಹೊಸ್ತಿಲು ತಗ್ಗಿದರೆ ಆಫ್ ಆದ ಸ್ವಿಚ್ಚಿನಲ್ಲೂ ಕರೆಂಟು ಸೋರುತ್ತದೆ. ಕೋಣೆಯ ಉಷ್ಣತೆಯಲ್ಲಿ, ಸೋರಿಕೆಯನ್ನು ಹತ್ತನೇ ಒಂದಕ್ಕೆ ಇಳಿಸಲು ಸಾಧಾರಣ ಟ್ರಾನ್ಸಿಸ್ಟರಿಗೆ ಕನಿಷ್ಠ 60 ಮಿಲಿವೋಲ್ಟ್ ಬೇಕು. ಹೊಸ್ತಿಲು 300 ಮಿಲಿವೋಲ್ಟ್ ಇದ್ದರೆ ಕರೆಂಟನ್ನು ಹೆಚ್ಚೆಂದರೆ ಲಕ್ಷದಲ್ಲೊಂದು ಪಾಲಿಗೆ ಇಳಿಸಬಹುದು. 180 ಮಿಲಿವೋಲ್ಟ್ ಆದರೆ ಸಾವಿರದಲ್ಲೊಂದು ಪಾಲಿಗಷ್ಟೇ. ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳಿರುವ ಚಿಪ್ಪಿನಲ್ಲಿ ಇದು ಸುಮ್ಮನೆ ಬಿಡುವ ನಷ್ಟವಲ್ಲ. ಈ 60 ಮಿಲಿವೋಲ್ಟ್ ಯಾವ ಕಾರ್ಖಾನೆಯ ಕುಂದೂ ಅಲ್ಲ. ಎಲೆಕ್ಟ್ರಾನುಗಳ ಶಾಖಚಲನೆಯಿಂದಲೇ ಹುಟ್ಟುವ ಮಿತಿ.

ಪರಿಣಾಮ ತಕ್ಷಣ ಕಾಣಿಸಿತು. 2004ರಲ್ಲಿ ಇಂಟೆಲ್ ‘ತೇಹಾಸ್’ ಎಂಬ ಅತಿವೇಗದ ಚಿಪ್ಪಿನ ಯೋಜನೆ ಕೈಬಿಟ್ಟಿತು. ಅದೇ ವರ್ಷ 4 ಗಿಗಾಹರ್ಟ್ಸ್ ಪೆಂಟಿಯಂ 4ನ್ನೂ ರದ್ದು ಮಾಡಿತು. ಗಿಗಾಹರ್ಟ್ಸ್ ಓಟ ಅಲ್ಲಿಗೆ ಮುಗಿಯಿತು.

ಒಂದೇ ಅಳತೆಯ ಎರಡು ಚಿಪ್ಪುಗಳು

ಇನ್ನು ಉಳಿತಾಯ ಬರಬೇಕಾದದ್ದು ವಿನ್ಯಾಸದಿಂದ. ಇದಕ್ಕೆ 2006ಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಆ ವರ್ಷದ ಮೇ ತಿಂಗಳಲ್ಲಿ ಇಂಟೆಲ್ ಝೀಯಾನ್ 5000 ಸರಣಿ ತಂದಿತು. ಅದರ ಮೇಲ್ತುದಿಯ ಚಿಪ್: ಎರಡು ಕೋರ್, 3.73 ಗಿಗಾಹರ್ಟ್ಸ್, 130 ವ್ಯಾಟ್. ಮುಂದಿನ ತಿಂಗಳೇ ಝೀಯಾನ್ 5100 ಸರಣಿ ಬಂತು. ಅದರ ಮೇಲ್ತುದಿಯ 5160: ಎರಡೇ ಕೋರ್, 3 ಗಿಗಾಹರ್ಟ್ಸ್, 80 ವ್ಯಾಟ್. ಎರಡನ್ನೂ ತಯಾರಿಸಿದ್ದು 65 ನ್ಯಾನೊಮೀಟರ್ ತಂತ್ರದಲ್ಲೇ. ಆದರೂ ಎರಡನೆಯದು ನಿಧಾನ ಗಡಿಯಾರ, ಕಡಿಮೆ ವ್ಯಾಟ್ ಇಟ್ಟುಕೊಂಡೇ ಮೊದಲನೆಯದನ್ನು ಸಲೀಸಾಗಿ ಹಿಂದೆ ಹಾಕಿತು.

ರಹಸ್ಯ ಪೈಪ್‌ಲೈನಿನ ಉದ್ದದಲ್ಲಿತ್ತು. ಪ್ರೊಸೆಸರ್ ಪ್ರತಿ ಆದೇಶವನ್ನು ಹಲವು ಹಂತಗಳಾಗಿ ಒಡೆದು, ಒಂದರ ಹಿಂದೊಂದು ಸಾಗಿಸುತ್ತದೆ. ಹಂತಗಳು ಚಿಕ್ಕದಾದಷ್ಟೂ ಗಡಿಯಾರ ಜೋರಾಗಿ ಓಡುತ್ತದೆ. ಹಳೆಯ ವಿನ್ಯಾಸದಲ್ಲಿ 31 ಹಂತಗಳಿದ್ದವು, ಹೊಸದರಲ್ಲಿ 14. ಪ್ರೋಗ್ರಾಮಿನಲ್ಲಿ ‘ಹೀಗಾದರೆ ಇದು, ಇಲ್ಲವಾದರೆ ಅದು’ ಎಂಬ ಕವಲು ಬಂದಾಗ ಪ್ರೊಸೆಸರ್ ಕಾಯುವುದಿಲ್ಲ. ಒಂದು ದಾರಿ ಊಹಿಸಿ ಮುನ್ನುಗ್ಗುತ್ತದೆ. ಊಹೆ ತಪ್ಪಿದರೆ ಪೈಪ್‌ಲೈನಿನಲ್ಲಿ ತುಂಬಿದ್ದ ಅರೆಬೆಂದ ಆದೇಶಗಳನ್ನೆಲ್ಲ ಚೆಲ್ಲಬೇಕು. ಸಾಲು ಉದ್ದವಿದ್ದಷ್ಟೂ ಚೆಲ್ಲುವುದು ಹೆಚ್ಚು, ಅದಕ್ಕೆ ಖರ್ಚಾದ ಶಕ್ತಿಯೂ ದಂಡ.

ಆದರೆ ಅದೇ ಸರ್ವರುಗಳಲ್ಲಿ ಇನ್ನೊಂದು ಪಾಠವೂ ಅಡಗಿತ್ತು. ಅವು ಬಳಸುತ್ತಿದ್ದ ಎಫ್‌ಬಿ-ಡಿಐಎಂಎಂ ಎಂಬ ಮೆಮೊರಿಯ ಪ್ರತಿ ಪಟ್ಟಿಯ ಮೇಲೂ ಒಂದು ಮಧ್ಯವರ್ತಿ ಚಿಪ್ ಇರುತ್ತಿತ್ತು. ಅದೊಂದೇ ಹಲವು ವ್ಯಾಟ್ ತಿನ್ನುತ್ತಿತ್ತು. ಎಂಟು ಪಟ್ಟಿ ಸಿಕ್ಕಿಸಿದರೆ ಪ್ರೊಸೆಸರಿನಲ್ಲಿ ಉಳಿಸಿದ್ದರಲ್ಲಿ ಒಳ್ಳೆಯ ಪಾಲು ಮೆಮೊರಿಯಲ್ಲಿ ಸೋರಿಹೋಗುತ್ತಿತ್ತು. 2009ರ ನೆಹಲೆಮ್ ಪೀಳಿಗೆಯಲ್ಲಿ ಇಂಟೆಲ್ ಮೆಮೊರಿ ನಿಯಂತ್ರಕವನ್ನು ಪ್ರೊಸೆಸರಿನೊಳಕ್ಕೇ ತಂದು, ಈ ಮೆಮೊರಿಯನ್ನು ಬಿಟ್ಟು ಡಿಡಿಆರ್3ಗೆ ಬದಲಾಯಿಸಿತು. ಎಎಮ್‌ಡಿ ನಿಯಂತ್ರಕವನ್ನು ಒಳಗೆ ತರುವ ಕೆಲಸವನ್ನು 2003ರ ಆಪ್ಟರಾನಿನಲ್ಲೇ ಮಾಡಿತ್ತು. ಅಳೆಯುವುದಾದರೆ ಚಿಪ್ಪಿನಲ್ಲಿ ಅಳೆಯಬಾರದು, ಗೋಡೆಯ ಪ್ಲಗ್ಗಿನಲ್ಲಿ ಅಳೆಯಬೇಕು ಎಂಬುದು ಆ ಪೀಳಿಗೆ ಕಲಿಸಿದ ಪಾಠ.

ಇಪ್ಪತ್ತು ಪಾಲು ಬಿಟ್ಟರೆ ಅರ್ಧ

ವಿನ್ಯಾಸಕರ ಕೈಯಲ್ಲಿ ಉಳಿದಿದ್ದ ದೊಡ್ಡ ಅಸ್ತ್ರ ಕೋರುಗಳ ಸಂಖ್ಯೆ. ಅದರ ಹಿಂದಿನ ಗಣಿತ ಸರಳ. ಚಿಪ್ಪಿನ ವೇಗವನ್ನು ಶೇಕಡ 20ರಷ್ಟು ತಗ್ಗಿಸಿ. ನಿಧಾನ ನಡೆಯುವ ಚಿಪ್ಪಿಗೆ ವೋಲ್ಟೇಜೂ ಕಡಿಮೆ ಸಾಕು. ಅದನ್ನೂ ಶೇಕಡ 20 ತಗ್ಗಿಸಿ. ವೋಲ್ಟೇಜಿನ ವರ್ಗವನ್ನು ಆವರ್ತನದಿಂದ ಗುಣಿಸಿದರೆ, 0.8ನ್ನು ಮೂರು ಸಲ ಗುಣಿಸಿದಂತೆ: 0.51. ಅಂದರೆ ಐದನೇ ಒಂದು ಪಾಲು ವೇಗ ಬಿಟ್ಟುಕೊಟ್ಟರೆ ಅರ್ಧದಷ್ಟು ವಿದ್ಯುತ್ ಉಳಿಯುತ್ತದೆ. ಉಳಿದ ಅರ್ಧದಲ್ಲಿ ಅಂಥದ್ದೇ ಇನ್ನೊಂದು ಕೋರ್ ಇಟ್ಟರೆ, ಅದೇ ವ್ಯಾಟಿನಲ್ಲಿ 1.6 ಪಟ್ಟು ಕೆಲಸ.

ಇದು ಕಾಗದದ ಲೆಕ್ಕ ಮಾತ್ರವಲ್ಲ ಎನ್ನುವುದಕ್ಕೆ ಬೆಂಗಳೂರಿನಲ್ಲಿ ರೂಪುಗೊಂಡ ಒಂದು ಚಿಪ್ಪೇ ಸಾಕ್ಷಿ. ಇಂಟೆಲ್‌ನ ಬೆಂಗಳೂರು ಕೇಂದ್ರದ ತಂಡ 2000ದ ದಶಕದ ಮೊದಲಾರ್ಧದಲ್ಲಿ ನಾಲ್ಕು ಕೋರಿನ ಸರ್ವರ್ ಪ್ರೊಸೆಸರೊಂದರ ಮೇಲೆ ದುಡಿಯುತ್ತಿತ್ತು. ಅದಕ್ಕಿಟ್ಟ ಸಂಕೇತನಾಮ ನಮ್ಮ ‘ವೈಟ್‌ಫೀಲ್ಡ್’. 2005ರಲ್ಲಿ ಆ ಯೋಜನೆ ರದ್ದಾಯಿತು. ಆದರೆ 2008ರ ಸೆಪ್ಟೆಂಬರಿನಲ್ಲಿ ಅದೇ ಕೇಂದ್ರದಿಂದ ‘ಡನಿಂಗ್ಟನ್’ ಹೊರಬಂತು: ಆರು ಕೋರ್, 45 ನ್ಯಾನೊಮೀಟರ್, 190 ಕೋಟಿ ಟ್ರಾನ್ಸಿಸ್ಟರುಗಳು, ಇಂಟೆಲ್‌ನ ಭಾರತೀಯ ತಂಡವೇ ಪೂರ್ತಿಯಾಗಿ ವಿನ್ಯಾಸಗೊಳಿಸಿದ ಮೊದಲ ಝೀಯಾನ್. ಅದರ ವೇಗದ ಮಾದರಿ 2.66 ಗಿಗಾಹರ್ಟ್ಸ್, 130 ವ್ಯಾಟ್. ಮಿತವ್ಯಯದ ಮಾದರಿ 2.13 ಗಿಗಾಹರ್ಟ್ಸ್, 65 ವ್ಯಾಟ್. ಎರಡಕ್ಕೂ ಆರೇ ಕೋರ್. ವೇಗ ಶೇಕಡ 20 ಕಡಿಮೆ, ವ್ಯಾಟ್ ಸರಿಯಾಗಿ ಅರ್ಧ. ಮಿತವ್ಯಯದ ಮಾದರಿಗೆ ಕಡಿಮೆ ಸೋರಿಕೆಯ ಚಿಪ್ಪುಗಳನ್ನು ಆರಿಸುತ್ತಾರೆ, ಅದರ ಕ್ಯಾಶ್ ಮೆಮೊರಿಯೂ ಸ್ವಲ್ಪ ಚಿಕ್ಕದಿತ್ತು ಎಂಬುದನ್ನು ಸೇರಿಸಿಕೊಂಡರೂ, ಘನದ ಗಣಿತ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಕೋರ್ ಹೆಚ್ಚಿಸಿದರೆ ಸಾಕೇ? ಎಲ್ಲ ಕಡೆ ಅಲ್ಲ. ಒಂದು ಕೆಲಸದಲ್ಲಿ ಹಂಚಲಾಗದ ಭಾಗ ಎಷ್ಟಿದೆಯೋ ಅಷ್ಟರಮಟ್ಟಿಗೆ ಹೆಚ್ಚುವರಿ ಕೋರುಗಳು ಕೈಕಟ್ಟಿ ನಿಲ್ಲುತ್ತವೆ. ಜೀನ್ ಆಮ್ಡಾಲ್ 1967ರಲ್ಲೇ ಇದನ್ನು ಹೇಳಿದ್ದರು. ಆದರೆ ಸರ್ವರ್ ಕೆಲಸದ ಸ್ವಭಾವವೇ ಬೇರೆ. ಏಕಕಾಲಕ್ಕೆ ಸಾವಿರಾರು ಜನ ಟಿಕೆಟ್ ಕಾದಿರಿಸುತ್ತಾರೆ, ಹಣ ಕಳಿಸುತ್ತಾರೆ, ಪುಟ ತೆರೆಯುತ್ತಾರೆ. ಒಬ್ಬರ ಕೆಲಸಕ್ಕೂ ಇನ್ನೊಬ್ಬರದಕ್ಕೂ ಬಹುಪಾಲು ಸಂಬಂಧವಿಲ್ಲ. ಕೆಲಸ ತಾನಾಗಿಯೇ ಹಂಚಿಕೊಂಡು ಬರುತ್ತದೆ.

ಹೀಗಾಗಿ ಕೋರಿನ ಪಾಲಿಗೆ ಬರುವ ವ್ಯಾಟ್ ಬೀಳುತ್ತಲೇ ಹೋಯಿತು. 2006ರ 5160ರಲ್ಲಿ ಕೋರಿಗೆ 40 ವ್ಯಾಟ್. 2009ರ ಎಕ್ಸ್5570ರಲ್ಲಿ ನಾಲ್ಕು ಕೋರಿಗೆ 95 ವ್ಯಾಟ್, ಅಂದರೆ ತಲಾ 24. 2012ರ ಇ5-2690ರಲ್ಲಿ ಎಂಟು ಕೋರಿಗೆ 135, ತಲಾ 17. 2016ರ ಇ5-2699 ವಿ4ರಲ್ಲಿ 22 ಕೋರಿಗೆ 145, ತಲಾ 6.6. 2019ರಲ್ಲಿ ಎಎಮ್‌ಡಿಯ ಎಪಿಕ್ 7742 ಬಂತು: 64 ಕೋರಿಗೆ 225 ವ್ಯಾಟ್, ತಲಾ 3.5.

ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಯಾಕೆಂದರೆ ಇಳಿಜಾರು ಇಲ್ಲೇ ಸಮತಟ್ಟಾಗುತ್ತದೆ. 2022ರ ಎಪಿಕ್ 9654: 96 ಕೋರಿಗೆ 360 ವ್ಯಾಟ್, ತಲಾ 3.75. 2024ರ ಎಪಿಕ್ 9755: 128 ಕೋರಿಗೆ 500 ವ್ಯಾಟ್, ತಲಾ 3.9. ಪೂರ್ಣ ಗಾತ್ರದ ಕೋರುಗಳನ್ನಷ್ಟೇ ಹೋಲಿಸಿದರೆ 2019ರಿಂದ ಈಚೆಗೆ ಕೋರಿನ ವ್ಯಾಟ್ ಇಳಿದಿಲ್ಲ, ತುಸು ಏರಿದೆ. ಆರಂಭದಲ್ಲಿ ಹೇಳಿದ 9965ರ 2.6 ವ್ಯಾಟ್ ಸಾಧ್ಯವಾದದ್ದು ಅದರಲ್ಲಿರುವುದು ಒತ್ತಿ ಕಿರಿದಾಗಿಸಿದ, ನಿಧಾನ ಗಡಿಯಾರದ ಕೋರುಗಳಾದ್ದರಿಂದ. ಇಂಟೆಲ್ ಕೂಡ 2024ರಲ್ಲಿ 144 ಚಿಕ್ಕ ಕೋರುಗಳ ಝೀಯಾನ್ ತಂದದ್ದು ಇದೇ ಯೋಚನೆಯಿಂದ.

ಹಾಗೆಂದು ಈ ಐದು ವರ್ಷಗಳಲ್ಲಿ ಏನೂ ಗಳಿಸಿಲ್ಲವೆಂದಲ್ಲ. ಎಎಮ್‌ಡಿಯ ಹೇಳಿಕೆಯಂತೆ ಪ್ರತಿ ಪೀಳಿಗೆಯಲ್ಲೂ ಗಡಿಯಾರದ ಒಂದು ಬಡಿತಕ್ಕೆ ಮುಗಿಯುವ ಕೆಲಸ ಶೇಕಡ 13ರಿಂದ 19ರವರೆಗೆ ಹೆಚ್ಚಿದೆ. ಲಾಭ ಉಂಟು, ಆದರೆ ಅರ್ಧಕ್ಕರ್ಧ ಇಳಿಯುತ್ತಿದ್ದ ಕಾಲದ ಲಾಭವಲ್ಲ.

ಲೆಕ್ಕ ಅಗ್ಗ, ಸಾಗಾಟ ದುಬಾರಿ

ಪ್ರೊಸೆಸರಿನಲ್ಲಿ ವಿದ್ಯುತ್ ಖರ್ಚಾಗುವುದು ಲೆಕ್ಕ ಮಾಡಲು ಎಂಬುದು ಸಹಜ ಊಹೆ. ಸ್ಟ್ಯಾನ್‌ಫರ್ಡಿನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಮುಂದಿಟ್ಟ ಅಂಕಿಗಳು ಆ ಊಹೆಯನ್ನು ತಲೆಕೆಳಗು ಮಾಡಿದವು. 45 ನ್ಯಾನೊಮೀಟರ್ ತಂತ್ರದಲ್ಲಿ ಎರಡು 32 ಬಿಟ್ ಪೂರ್ಣಾಂಕಗಳನ್ನು ಕೂಡಲು ಸುಮಾರು 0.1 ಪಿಕೊಜೌಲ್ ಸಾಕು. ಅಂಥ ಒಂದು ಸಂಖ್ಯೆಯನ್ನು ಹೊರಗಿನ ಮೆಮೊರಿಯಿಂದ ತರಲು ಅದರ ಸಾವಿರಾರು ಪಟ್ಟು ಬೇಕು. ಕೂಡಿಸುವ ಖರ್ಚು ಲೆಕ್ಕಕ್ಕೇ ಬಾರದಷ್ಟು. ದತ್ತಾಂಶ ಸಾಗಿಸುವುದೇ ಖರ್ಚು.

ಚಿಪ್ಪಿನೊಳಗಿನ ಕ್ಯಾಶ್ ಮೆಮೊರಿ ಬೆಳೆದ ಪರಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2004ರ ಝೀಯಾನಿನಲ್ಲಿ ಎರಡನೇ ಹಂತದ ಕ್ಯಾಶ್ 1 ಮೆಗಾಬೈಟ್. 2012ರ ಇ5-2690ರಲ್ಲಿ ಮೂರನೇ ಹಂತದ ಕ್ಯಾಶ್ 20. 2019ರ ಎಪಿಕ್ 7742ರಲ್ಲಿ 256. ಬೇಕಾದದ್ದು ಹತ್ತಿರವಿದ್ದರೆ ವೇಗವೂ ಸಿಗುತ್ತದೆ, ಶಕ್ತಿಯೂ ಉಳಿಯುತ್ತದೆ.

ಇದೇ 7742 ಇನ್ನೊಂದು ಹೊಸ ದಾರಿ ತುಳಿಯಿತು. ಅದು ಒಂದೇ ದೊಡ್ಡ ಸಿಲಿಕಾನ್ ತುಂಡಲ್ಲ: 7 ನ್ಯಾನೊಮೀಟರಿನ ಎಂಟು ಪುಟ್ಟ ತುಂಡುಗಳಲ್ಲಿ ಕೋರುಗಳು, ನಡುವೆ ಹಳೆಯ, ಅಗ್ಗದ ತಂತ್ರದಲ್ಲಿ ಮಾಡಿದ ಒಂದು ತುಂಡಿನಲ್ಲಿ ಮೆಮೊರಿ ಮತ್ತು ಹೊರಸಂಪರ್ಕದ ವ್ಯವಸ್ಥೆ. ಚಿಪ್ಲೆಟ್ ಎಂದು ಕರೆಯುವ ಈ ತುಂಡುಗಳಿಂದ ಕೋರುಗಳ ಸಂಖ್ಯೆ ಹಾರಿತು, ತಯಾರಿಕೆಯ ವೆಚ್ಚ ಇಳಿಯಿತು. ಆದರೆ ತುಂಡಿನಿಂದ ತುಂಡಿಗೆ ದತ್ತಾಂಶ ಸಾಗಿಸಲು ವಿದ್ಯುತ್ ಬೇಕು, ಮತ್ತು ಆ ಹೆದ್ದಾರಿಯನ್ನು ಕೋರುಗಳು ಸುಮ್ಮನಿದ್ದಾಗಲೂ ಪೂರ್ತಿ ಮುಚ್ಚಲಾಗದು.

ಸುಮ್ಮನಿದ್ದರೂ ಖರ್ಚು

ಸುಮ್ಮನಿರುವುದು ಎಂದೆ. ಸರ್ವರುಗಳ ಕತೆಯಲ್ಲಿ ಇದು ಅಡಿಟಿಪ್ಪಣಿಯಲ್ಲ, ಅರ್ಧ ಕತೆ. 2007ರ ಡಿಸೆಂಬರಿನಲ್ಲಿ ಗೂಗಲ್‌ನ ಲೂಯಿಜ್ ಬರೋಸೊ ಮತ್ತು ಉರ್ಸ್ ಹೋಲ್ಜ್ಲೆ ಒಂದು ಪ್ರಬಂಧ ಪ್ರಕಟಿಸಿದರು. ತಮ್ಮ ಸರ್ವರುಗಳು ಬಹುಪಾಲು ಸಮಯ ಶೇಕಡ 10ರಿಂದ 50ರಷ್ಟು ಹೊರೆಯಲ್ಲೇ ನಡೆಯುತ್ತವೆ, ಏನೂ ಕೆಲಸವಿಲ್ಲದಾಗಲೂ ಅವು ಗರಿಷ್ಠದ ಅರ್ಧದಷ್ಟು ವಿದ್ಯುತ್ ಹೀರುತ್ತವೆ ಎಂದು ತೋರಿಸಿದರು. ಐವತ್ತು ಜನರ ಬಸ್ಸಿನಲ್ಲಿ ಐದು ಜನ ಕೂತರೂ ಡೀಸೆಲ್ ಹತ್ತನೇ ಒಂದಕ್ಕೆ ಇಳಿಯುವುದಿಲ್ಲವಲ್ಲ, ಹಾಗೆ. ಕೆಲಸ ಎಷ್ಟೋ ಅಷ್ಟೇ ವಿದ್ಯುತ್ ಬಳಸುವ ಯಂತ್ರ ಬೇಕು ಎಂಬುದು ಅವರ ಬೇಡಿಕೆಯಾಗಿತ್ತು.

ಅದೇ ತಿಂಗಳು ಸ್ಪೆಕ್ ಸಂಸ್ಥೆ ಸ್ಪೆಕ್‌ಪವರ್ ಎಂಬ ಪರೀಕ್ಷೆ ಹೊರತಂದಿತು. ಸರ್ವರಿಗೆ ಜಾವಾ ವ್ಯವಹಾರಗಳ ಹೊರೆ ಹೊರಿಸಿ, ಶೇಕಡ 100ರಿಂದ 10ರವರೆಗೆ ಹತ್ತತ್ತು ಇಳಿಸುತ್ತಾ, ಕೊನೆಗೆ ಕೆಲಸವೇ ಇಲ್ಲದ ಸ್ಥಿತಿಯಲ್ಲೂ ಇಡೀ ಸರ್ವರಿನ ವಿದ್ಯುತ್ ಅಳೆಯುತ್ತದೆ. ಒಟ್ಟು ಕೆಲಸವನ್ನು ಒಟ್ಟು ವ್ಯಾಟಿನಿಂದ ಭಾಗಿಸಿದರೆ ಅಂಕ. ಮೊದಲ ದಿನಗಳ ಸರ್ವರುಗಳು ವ್ಯಾಟಿಗೆ ಕೆಲವು ನೂರು ಅಂಕ ಗಳಿಸುತ್ತಿದ್ದವು. 2023ರ ಹೊತ್ತಿಗೆ ಅತ್ಯುತ್ತಮವಾದವು 30 ಸಾವಿರ ದಾಟಿದವು. ತಯಾರಕರು ಈ ಪರೀಕ್ಷೆಗೆಂದೇ ಮೆಮೊರಿ, ಡಿಸ್ಕುಗಳನ್ನು ಕನಿಷ್ಠಕ್ಕಿಳಿಸಿ ಸರ್ವರನ್ನು ಸಜ್ಜುಗೊಳಿಸುವುದುಂಟು. ಅಷ್ಟನ್ನು ಕಳೆದರೂ ಇದು ಹತ್ತಾರು ಪಟ್ಟು ಸುಧಾರಣೆ. ಅದರಲ್ಲಿ ಕೋರುಗಳ ಪಾಲು ದೊಡ್ಡದು. ಬಳಸದ ಕೋರಿಗೆ ವಿದ್ಯುತ್ತನ್ನೇ ಕಡಿದುಹಾಕುವ, ವೇಗ ವೋಲ್ಟೇಜುಗಳನ್ನು ಕ್ಷಣಕ್ಷಣಕ್ಕೆ ಹೊಂದಿಸುವ ಜಾಣ್ಮೆಯ ಪಾಲು ಚಿಕ್ಕದಲ್ಲ.

ಇದರಿಂದ ಹಳೆಯ ಸರ್ವರನ್ನು ಯಾವಾಗ ಬದಲಿಸಬೇಕು ಎಂಬ ಪ್ರಶ್ನೆಗೂ ಒಂದು ದಾರಿ ಸಿಗುತ್ತದೆ. ವರ್ಷವಿಡೀ ಉರಿಯುವ ಒಂದು ವ್ಯಾಟ್ ಅಂದರೆ 8.76 ಯೂನಿಟ್. ಹತ್ತು ಹಳೆಯ ಸರ್ವರುಗಳು ಅಲ್ಪ ಹೊರೆಯಲ್ಲಿ ತಲಾ 200 ವ್ಯಾಟ್ ಬಳಸುತ್ತಿವೆ ಎಂದುಕೊಳ್ಳಿ: ವರ್ಷಕ್ಕೆ 17,520 ಯೂನಿಟ್. ಅಷ್ಟೂ ಕೆಲಸವನ್ನು 700 ವ್ಯಾಟ್ ಬಳಸುವ ಒಂದೇ ಹೊಸ ಸರ್ವರಿಗೆ ಒಪ್ಪಿಸಿದರೆ 6,132 ಯೂನಿಟ್. ತಂಪು ವ್ಯವಸ್ಥೆಯ ಖರ್ಚು ಸೇರಿದರೆ ಅಂತರ ಇನ್ನೂ ಹಿಗ್ಗುತ್ತದೆ. ಆದರೆ ಹತ್ತು ಹಳೆಯ ಸರ್ವರುಗಳ ಜಾಗಕ್ಕೆ ಹತ್ತು ಹೊಸವನ್ನೇ ತಂದು, ಅವನ್ನೂ ಅರೆಖಾಲಿ ಓಡಿಸಿದರೆ ಈ ಉಳಿತಾಯದ ಬಹುಪಾಲು ಕೈತಪ್ಪುತ್ತದೆ. ಉಳಿತಾಯ ಹೊಸ ಚಿಪ್ಪಿನಿಂದಲೇ ಬರುವುದಿಲ್ಲ, ಅದನ್ನು ತುಂಬಿಸಿ ದುಡಿಸಿ ಹಳೆಯದರ ಸ್ವಿಚ್ ಆರಿಸಿದಾಗ ಬರುತ್ತದೆ. ಒಂದು ಸರ್ವರನ್ನು ತಯಾರಿಸಲೂ ಬಹಳ ಶಕ್ತಿ, ನೀರು ಬೇಕು ಎಂಬುದನ್ನೂ ಈ ಲೆಕ್ಕದಲ್ಲಿ ಹಿಡಿಯಬೇಕು.

ಉಳಿಸಿದ್ದು ಎಲ್ಲಿ ಹೋಯಿತು?

ಜೊನಾಥನ್ ಕೂಮಿ ಎಂಬ ಸಂಶೋಧಕ ಸಂಗಡಿಗರೊಡನೆ 1946ರಿಂದ 2009ರವರೆಗಿನ ಕಂಪ್ಯೂಟರುಗಳನ್ನು ಹೋಲಿಸಿ, ಒಂದು ಯೂನಿಟ್ ವಿದ್ಯುತ್ತಿನಲ್ಲಿ ಮಾಡಬಹುದಾದ ಲೆಕ್ಕಗಳ ಸಂಖ್ಯೆ ಸುಮಾರು 1.6 ವರ್ಷಕ್ಕೊಮ್ಮೆ ದುಪ್ಪಟ್ಟಾಗಿದೆ ಎಂದು ಕಂಡರು. 2000ದ ನಂತರ ಆ ಓಟ ನಿಧಾನವಾಗಿ, ದುಪ್ಪಟ್ಟಾಗಲು ಸುಮಾರು 2.6 ವರ್ಷ ಹಿಡಿಯತೊಡಗಿತು ಎಂದೂ ಅವರೇ ಆಮೇಲೆ ತೋರಿಸಿದರು. ವೋಲ್ಟೇಜ್ ನಿಂತದ್ದರ ನೆರಳು ಇದು.

ಹೀಗಿದ್ದೂ ಒಂದು ದಶಕ ಜಗತ್ತು ಪಾರಾಯಿತು. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಎರಿಕ್ ಮಸಾನೆಟ್, ಕೂಮಿ ಮೊದಲಾದವರು ಪ್ರಕಟಿಸಿದ ಅಧ್ಯಯನದಂತೆ, 2010ರಿಂದ 2018ರ ನಡುವೆ ಡೇಟಾ ಸೆಂಟರುಗಳ ಕೆಲಸ ಶೇಕಡ 550ರಷ್ಟು ಹೆಚ್ಚಿದರೂ ವಿದ್ಯುತ್ ಬಳಕೆ ಹೆಚ್ಚಿದ್ದು ಶೇಕಡ 6ರಷ್ಟೇ. 2018ರಲ್ಲಿ ಸುಮಾರು 20,500 ಕೋಟಿ ಯೂನಿಟ್. ದಕ್ಷ ಪ್ರೊಸೆಸರುಗಳು, ಅರೆಖಾಲಿ ಸರ್ವರುಗಳನ್ನು ಒಗ್ಗೂಡಿಸಿದ ಕ್ಲೌಡ್ ಕೇಂದ್ರಗಳು, ಸುಧಾರಿಸಿದ ತಂಪು ವ್ಯವಸ್ಥೆ ಸೇರಿ ಏರಿಕೆಯನ್ನು ತಡೆದು ಹಿಡಿದವು. ಆಮೇಲೆ ಕೃತಕ ಬುದ್ಧಿಮತ್ತೆ ಬಂತು. 2022ರಲ್ಲಿ ಬಂದ ಎನ್‌ವಿಡಿಯಾದ ಎಚ್100 ವೇಗವರ್ಧಕ ಚಿಪ್ ಒಂದರ ಮಿತಿಯೇ 700 ವ್ಯಾಟ್. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಡೇಟಾ ಸೆಂಟರುಗಳ ಬಳಕೆ ಸುಮಾರು 41,500 ಕೋಟಿ ಯೂನಿಟ್, ಜಗತ್ತಿನ ಒಟ್ಟು ವಿದ್ಯುತ್ತಿನ ಸುಮಾರು ಶೇಕಡ 1.5.

1865ರಲ್ಲೇ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಇಂಗ್ಲೆಂಡಿನ ಕಲ್ಲಿದ್ದಲ ಬಗ್ಗೆ ಬರೆಯುತ್ತಾ, ಉಗಿ ಎಂಜಿನ್ನುಗಳು ಮಿತವ್ಯಯಿಗಳಾದಂತೆ ಕಲ್ಲಿದ್ದಲ ಬಳಕೆ ಹೆಚ್ಚಿತು, ಕಮ್ಮಿಯಾಗಲಿಲ್ಲ ಎಂದು ಗಮನಿಸಿದ್ದರು. ಲೆಕ್ಕ ಅಗ್ಗವಾದಾಗ ನಾವೂ ಹಾಗೇ ಮಾಡಿದ್ದೇವೆ: ಮೊದಲು ಯೋಚಿಸಲೂ ಆಗದಿದ್ದ ಕೆಲಸಗಳನ್ನು ಯಂತ್ರಗಳಿಗೆ ಹಚ್ಚಿದ್ದೇವೆ. ಪ್ರತಿ ಕೆಲಸದ ಜೌಲ್ ಇಳಿಸುವುದು ಎಂಜಿನಿಯರುಗಳ ಕೈಯಲ್ಲಿದೆ, ಅವರು ಅದನ್ನು ಭೌತಶಾಸ್ತ್ರ ಬಿಟ್ಟುಕೊಟ್ಟಷ್ಟು ಮಾಡಿದ್ದಾರೆ. ಎಷ್ಟು ಕೆಲಸ ಮಾಡಿಸಬೇಕು ಎಂಬುದು ಯಾವ ಬೆಂಚ್‌ಮಾರ್ಕಿನಲ್ಲೂ ಇಲ್ಲ. ಭೌತಶಾಸ್ತ್ರ ಬಿಡುವ ಪಾಲು ಪೀಳಿಗೆಯಿಂದ ಪೀಳಿಗೆಗೆ ಕಿರಿದಾಗುತ್ತಿರುವಾಗ, ಮುಂದಿನ ಸರ್ವರುಗಳ ಕರೆಂಟ್ ಬಿಲ್ಲನ್ನು ನಿರ್ಧರಿಸುವುದು ಚಿಪ್ಪಿಗಿಂತ ಹೆಚ್ಚಾಗಿ ಈ ಎರಡನೆಯ ಪ್ರಶ್ನೆಗೆ ನಾವು ಕೊಡುವ ಉತ್ತರ.